ತೂಕಕ್ಕೆ ಹಾಕಿ ಟೋನ್ ಮಾರುವವರಿಗೆ ಒಂದು ಉತ್ತರ

ನನ್ನ ವಾದ ಚಿಕ್ಕದು. ಬೆಂಗಳೂರಿನ ಪಬ್ಬು, ಚರ್ಚು, ಕಾಲೇಜಿನ ಫೆಸ್ಟು, ಗಣೇಶನ ಹಬ್ಬದ ಆರ್ಕೆಸ್ಟ್ರಾ ಎಂದು ಸುತ್ತಿ ನುಡಿಸುವ ಬೇಸ್ ಗಿಟಾರ್ ವಾದಕನಿಗೆ ಎರಡು-ಮೂರು ಕೆ.ಜಿ. ತೂಗುವ ಕ್ಲಾಸ್ ಡಿ ಹೆಡ್ (ಸ್ಪೀಕರಿಲ್ಲದ, ಸ್ವಿಚಿಂಗ್ ಬಗೆಯ ಆಂಪ್) ಒಂದು, ಒಬ್ಬನೇ ಎತ್ತಬಲ್ಲ ಒಳ್ಳೆಯ ಸ್ಪೀಕರ್ ಕ್ಯಾಬಿನೆಟ್ ಒಂದು ಇದ್ದರೆ ಸಾಕು. ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲು ಕ್ಯಾಬಿನೆಟ್‌ಗೆ ಹೋಗಬೇಕು. ಇಷ್ಟು ಹೇಳಿದ್ದಕ್ಕೆ ಎರಡು ಪಂಗಡದವರು ಮುನಿದಿದ್ದಾರೆ. ಮೊದಲನೆಯವರು ಭಾರವಾದಿಗಳು: ಎತ್ತಲು ನಾಲ್ಕು ಜನ ಬೇಕಾಗದ ಆಂಪ್ ಆಂಪೇ ಅಲ್ಲ ಎನ್ನುವವರು. ಎರಡನೆಯವರು ಶೂನ್ಯವಾದಿಗಳು: ಈ ಕಾಲದಲ್ಲಿ ಆಂಪೇ ಬೇಡ ಎನ್ನುವವರು. ಇಬ್ಬರೂ ಒಬ್ಬರೊಂದಿಗೊಬ್ಬರು ವಾದ ಮಾಡಿಕೊಂಡಿದ್ದರೆ ನಾನು ಸುಮ್ಮನೆ ಕೂತು ಕೇಳಬಹುದಿತ್ತು. ಅವರು ಹಾಗೆ ಮಾಡದೆ ಇಬ್ಬರೂ ಸೇರಿ ನನ್ನ ಕಡೆ ತಿರುಗಿದ್ದಾರೆ. ಹಾಗಾಗಿ ಒಂದೊಂದೇ ಆಕ್ಷೇಪವನ್ನು ಓದುಗರ ಮುಂದೆ ಇಡುತ್ತೇನೆ. ತೂಗಿ ನೋಡುವ ಕೆಲಸ ಓದುಗರದು.

ಮೊದಲ ಆಕ್ಷೇಪ: ವಾಲ್ವ್ ಇಲ್ಲದ ಆಂಪ್‌ನಲ್ಲಿ ಟೋನ್ ಇರುವುದಿಲ್ಲ. ಇದಕ್ಕೆ ಭಾರವಾದಿಗಳು ಕರೆತರುವ ಸಾಕ್ಷಿ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಮತ್ತು ಅವರ ಆಂಪೆಗ್ ಬಿ-15. ಸಾಕ್ಷಿ ಒಳ್ಳೆಯವರೇ. ಆದರೆ ಪಾಟೀಸವಾಲಿನಲ್ಲಿ ಅವರು ನನ್ನ ಪರ ನುಡಿಯುತ್ತಾರೆ. ಡೆಟ್ರಾಯಿಟ್‌ನ ಹಿಟ್ಸ್‌ವಿಲ್ ಸ್ಟುಡಿಯೊದಲ್ಲಿ ಜೇಮರ್ಸನ್ ಅವರ ಬೇಸ್ ಸಾಮಾನ್ಯವಾಗಿ ಆಂಪ್ ಮುಂದಿನ ಮೈಕಿನಿಂದ ಬಂದದ್ದಲ್ಲ, ಕೇಬಲ್ ಮೂಲಕ ನೇರ ಕನ್ಸೋಲಿಗೆ ಹೋದದ್ದು. ಬಿ-15 ಅವರು ಕ್ಲಬ್ಬುಗಳಿಗೆ ಒಯ್ಯುತ್ತಿದ್ದ ಆಂಪ್. ಜಗತ್ತು ಕೇಳಿ ಬೆರಗಾದ ಆ ಟೋನ್ ಹುಟ್ಟಿದ್ದು ಬಲಗೈಯ ಒಂದೇ ಬೆರಳಿನಿಂದ, ಬದಲಾಯಿಸದೆ ಉಳಿಸಿಕೊಂಡ ಹಳೆಯ ಫ್ಲ್ಯಾಟ್‌ವೂಂಡ್ ತಂತಿಗಳಿಂದ, ಬ್ರಿಡ್ಜ್ ಬಳಿ ತುರುಕಿದ ಸ್ಪಂಜಿನಿಂದ. ಇನ್ನು ಆ ಬಿ-15 ಎಂಥದು? ಜೆಸ್ ಆಲಿವರ್ 1960ರಲ್ಲಿ ರೂಪಿಸಿದ, ಆರಂಭದಲ್ಲಿ 25 ವ್ಯಾಟ್ ಇದ್ದ ಆಂಪ್. ಒಯ್ಯಲು ಸುಲಭವಾಗಲಿ ಎಂದು ಅದರ ಹೆಡ್ಡನ್ನು ಮಗುಚಿ ಕ್ಯಾಬಿನೆಟ್ ಒಳಗೇ ಇಡುವಂತೆ ಮಾಡಿದ್ದರು. ಕೆಳಗೆ ಚಕ್ರದ ಡಾಲಿ ಕೊಟ್ಟಿದ್ದರು. ಭಾರವಾದಿಗಳು ಪೂಜಿಸುವ ಮೂರ್ತಿಯನ್ನು ಕಡೆದದ್ದೇ ಸಾಗಾಟದ ಚಿಂತೆ ಇದ್ದವರು.

ವಾಲ್ವ್‌ಗೆ ಗುಣವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ವಾಲ್ವ್ ಆಂಪನ್ನು ಅದರ ಮಿತಿಯ ಹತ್ತಿರ ತಳ್ಳಿದಾಗ ದನಿ ಮೆಲ್ಲಗೆ ಒತ್ತಿಕೊಂಡು ಹಾರ್ಮೋನಿಕ್‌ಗಳು ತುಂಬಿಕೊಳ್ಳುತ್ತವೆ. ಕಿವಿಗೆ ಅದು ಹಿತ. ಆದರೆ 300 ವ್ಯಾಟಿನ ವಾಲ್ವ್ ಹೆಡ್ಡನ್ನು ಆ ಮಿತಿಯ ತನಕ ತಳ್ಳುವುದು ಎಲ್ಲಿ? ಕೋರಮಂಗಲದ ಪಬ್ಬಿನಲ್ಲೇ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸುವ ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಯಾವ ಕಾರಣಕ್ಕೂ 75 ಡೆಸಿಬೆಲ್ ಮೀರುವಂತಿಲ್ಲ. ರಾತ್ರಿ 10ರ ಮೇಲೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕವೇ ಇಲ್ಲ. ಹೀಗಾಗಿ ಆ ಹೆಡ್ಡಿನ ವಾಲ್ಯೂಮ್ ತಿರುಗುಣಿ ಎರಡರ ಆಚೆ ಹೋಗುವುದೇ ಇಲ್ಲ. ತಳ್ಳಿದಾಗ ಮಾತ್ರ ಹೊರಡುವ ಗುಣಕ್ಕೆಂದು ದುಡ್ಡು ಕೊಟ್ಟು, ಒಮ್ಮೆಯೂ ತಳ್ಳದೆ ಮನೆಗೆ ಹೊತ್ತು ತರುವುದಕ್ಕೆ ಟೋನಿನ ಮೇಲಿನ ಪ್ರೀತಿ ಎಂದು ಹೆಸರಿಟ್ಟಿದ್ದಾರೆ. ಅಷ್ಟು ಒರಟು ದನಿ ಬೇಕಿದ್ದರೆ ಅಂಗೈಯಗಲದ ಪ್ರೀಆಂಪ್ ಪೆಡಲ್ ಕೊಡುತ್ತದೆ, ಅದೂ ಯಾವ ವಾಲ್ಯೂಮಿನಲ್ಲಾದರೂ.

ಎರಡನೆಯ ಆಕ್ಷೇಪ: ಹಗುರ ಆಂಪ್‌ಗೆ ದಮ್ ಇಲ್ಲ. ದಮ್ ಎಂದರೆ ಹರ್ಟ್ಸ್‌ನಲ್ಲಿ ಅಳೆಯುವುದೇ, ಡೆಸಿಬೆಲ್‌ನಲ್ಲಿ ಅಳೆಯುವುದೇ ಎಂದು ಕೇಳಿದರೆ ಅದು ಅನುಭವಕ್ಕೆ ಬರುವಂಥದ್ದು, ಅಳೆಯುವಂಥದ್ದಲ್ಲ ಎನ್ನುತ್ತಾರೆ. ಆಗಲಿ, ಅನುಭವವನ್ನೇ ಪರೀಕ್ಷೆಗೆ ಇಡೋಣ. ಅಮೆರಿಕದ ಕಾರ್ ಆಡಿಯೊ ಪರಿಣತ ರಿಚರ್ಡ್ ಕ್ಲಾರ್ಕ್ ಒಂದು ಪಂದ್ಯ ಒಡ್ಡಿದ್ದರು. ಎರಡು ಆಂಪ್‌ಗಳ ದನಿಮಟ್ಟ ಮತ್ತು ಈಕ್ಯೂ ಸಮ ಮಾಡಿ, ಎರಡನ್ನೂ ಮಿತಿಯೊಳಗೆ ನುಡಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದಾಗ ಸರಿಯಾಗಿ ಗುರುತಿಸಿದವರಿಗೆ 10,000 ಡಾಲರ್. ಆ ದುಡ್ಡನ್ನು ಯಾರೂ ಗೆಲ್ಲಲಿಲ್ಲ. ವೇದಿಕೆಯ ಬೇಸ್ ಆಂಪ್ ಮಿತಿ ಮೀರುವುದುಂಟು, ಪ್ರತಿ ಕಂಪನಿಯೂ ತನ್ನದೇ ಬಣ್ಣ ಬೆರೆಸುವುದುಂಟು, ಒಪ್ಪುತ್ತೇನೆ. ಆದರೆ ಅವೆಲ್ಲ ಪ್ರೀಆಂಪ್, ಫಿಲ್ಟರ್, ಲಿಮಿಟರ್ ಮಾಡುವ ಕೆಲಸ. ಕಿಲೋಗ್ರಾಂ ಮಾಡುವ ಕೆಲಸವಲ್ಲ.

ಹಾಗಾದರೆ ಭಾರವಾದಿಗಳಿಗೆ ನಿಜವಾಗಿ ಕೇಳಿಸುತ್ತಿರುವ ವ್ಯತ್ಯಾಸ ಎಲ್ಲಿಂದ ಬಂತು? ಎರಡು ಕಾರಣ ಕಾಣುತ್ತವೆ. ಮೊದಲನೆಯದು ದನಿಮಟ್ಟ. ಸದ್ದು ತುಸು ಏರಿದರೂ ಕಿವಿಗೆ ತಗ್ಗಿನ ಸ್ವರಗಳು ಮಿಕ್ಕವುಗಳಿಗಿಂತ ಹೆಚ್ಚು ತುಂಬಿಕೊಂಡಂತೆ ಕೇಳಿಸುತ್ತವೆ. ಧ್ವನಿವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ ಸಂಗತಿ ಇದು. ಅಂಗಡಿಯಲ್ಲಿ ಎರಡು ಆಂಪ್‌ಗಳ ತಿರುಗುಣಿಯನ್ನು ಕಣ್ಣಂದಾಜಿಗೆ ಸಮ ಮಾಡಿ ತೀರ್ಪು ಕೊಡುವವರು ಕೇಳುತ್ತಿರುವುದು ಬಹಳ ಸಲ ಈ ವ್ಯತ್ಯಾಸವನ್ನೇ. ಎರಡನೆಯದು ಎತ್ತರ. ಎಂಟು ಸ್ಪೀಕರಿನ ಗೋಪುರದಂಥ ಕ್ಯಾಬಿನೆಟ್ಟಿನ ಮೇಲ್ಸಾಲು ವಾದಕನ ಕಿವಿಯತ್ತ ನೋಡುತ್ತದೆ. ಸಣ್ಣ ಕ್ಯಾಬಿನೆಟ್ ನೆಲದ ಮೇಲೆ ಕೂತು ಅವನ ಮೊಣಕಾಲಿಗೆ ಕಛೇರಿ ಕೊಡುತ್ತದೆ. ಕ್ಯಾಬಿನೆಟ್ಟನ್ನು ಒಂದು ಗಟ್ಟಿ ಸ್ಟ್ಯಾಂಡಿನ ಮೇಲಿಟ್ಟು ಮುಖವನ್ನು ಕಿವಿಯ ಕಡೆ ತಿರುಗಿಸಿ ನೋಡಿ. ಕಾಣೆಯಾಗಿದ್ದ ದಮ್ಮಿನ ಬಹುಪಾಲು ಅಲ್ಲೇ ಸಿಗುತ್ತದೆ.

ಮೂರನೆಯ ಆಕ್ಷೇಪ: ನಿಜವಾದ ತಗ್ಗು ಸ್ವರ ಬೇಕಾದರೆ ದೊಡ್ಡ ಗೋಪುರವೇ ಬೇಕು. ಗೋಪುರ ಎಂದರೆ 10 ಇಂಚಿನ ಎಂಟು ಸ್ಪೀಕರಿರುವ ಆಂಪೆಗ್‌ನ ಕ್ಯಾಬಿನೆಟ್. ಬೇಸ್ ಗಿಟಾರಿನ ಬಿಟ್ಟ ಇ ತಂತಿಯ ಮೂಲಸ್ವರ 41 ಹರ್ಟ್ಸ್; ಐದು ತಂತಿಯದಾದರೆ ಬಿ ಸ್ವರ 31 ಹರ್ಟ್ಸ್‌ಗೆ ಇಳಿಯುತ್ತದೆ. ಎಸ್‌ವಿಟಿ-810ಇ ಎಂಬ ಆ ಪ್ರಸಿದ್ಧ ಕ್ಯಾಬಿನೆಟ್ಟಿಗೆ ಕಂಪನಿಯೇ ಕೊಟ್ಟ ಅಂಕಿ ಏನು? 58 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಕುಸಿತ, 40 ಹರ್ಟ್ಸ್ ಹೊತ್ತಿಗೆ 10 ಡೆಸಿಬೆಲ್ ಕುಸಿತ. ಅಂದರೆ ನಿಜವಾದ ತಗ್ಗಿಗೆ ಪ್ರಮಾಣ ಎಂದು ಅವರು ತೋರಿಸುವ ಪೆಟ್ಟಿಗೆ ಇ ತಂತಿಯ ಮೂಲಸ್ವರದ ಹತ್ತಿರ ಬರುವಷ್ಟರಲ್ಲೇ ಕೈಚೆಲ್ಲಿರುತ್ತದೆ. ಆದರೂ ಅದು ಸೊಗಸಾಗಿ ಕೇಳಿಸುತ್ತದೆ, ಏಕೆಂದರೆ ಎರಡನೆಯ, ಮೂರನೆಯ ಹಾರ್ಮೋನಿಕ್‌ಗಳನ್ನು ಕೇಳಿಸಿಕೊಂಡು ಮೂಲಸ್ವರವನ್ನು ಕಟ್ಟಿಕೊಳ್ಳುವುದು ನಮ್ಮ ಕಿವಿಯ ಜಾಯಮಾನ. ಈ ರಿಯಾಯಿತಿಯನ್ನು ಗೋಪುರಕ್ಕೆ ಕೊಟ್ಟು ಸಣ್ಣ ಕ್ಯಾಬಿನೆಟ್ಟಿಗೆ ಕೊಡದಿರುವುದು ಯಾವ ನ್ಯಾಯ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಕಾಲು ಎಣಿಸುವುದು ಕಷ್ಟದ ಕೆಲಸ.

ಅಷ್ಟಕ್ಕೂ ಆ ಗೋಪುರ ಯಾಕೆ ಹುಟ್ಟಿತು ಎಂಬುದನ್ನು ಅವರು ಹೇಳುವುದಿಲ್ಲ. ಹೇಳಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಆ ಗೋಪುರಕ್ಕೆ ಜೋಡಿಯಾದ ವಾಲ್ವ್ ಹೆಡ್ ಆಂಪೆಗ್ ಎಸ್‌ವಿಟಿ ಬಂದದ್ದು 1969ರಲ್ಲಿ. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಅಮೆರಿಕದ ಪ್ರವಾಸಕ್ಕೆ ಒಯ್ದಿತು. ಆ ಕಾಲದಲ್ಲಿ ಸಭಾಂಗಣದ ಪಿಎ (ಪ್ರೇಕ್ಷಕರಿಗೆ ಕೇಳಿಸುವ ಧ್ವನಿವರ್ಧಕ ವ್ಯವಸ್ಥೆ) ಹೆಚ್ಚಾಗಿ ಹಾಡುಗಾರರ ದನಿಗೆ ಮೀಸಲು. ಬೇಸ್ ಕೊನೆಯ ಸಾಲಿಗೆ ತಲುಪಬೇಕಾದರೆ ವೇದಿಕೆಯ ಮೇಲಿನ ಆಂಪೇ ತಲುಪಿಸಬೇಕು. ಆಗ ವ್ಯಾಟ್‌ಗಳು ದುಬಾರಿ, ಜೊತೆಗೆ ಭಾರ: 300 ವ್ಯಾಟ್ ತೆಗೆಯಲು 14 ವಾಲ್ವ್ ಬೇಕು, ದಪ್ಪ ಕಬ್ಬಿಣದ ಟ್ರಾನ್ಸ್‌ಫಾರ್ಮರ್‌ಗಳು ಬೇಕು. ಅಷ್ಟು ಕಷ್ಟಪಟ್ಟು ತೆಗೆದ ವ್ಯಾಟ್ ಪೋಲಾಗಬಾರದಲ್ಲ, ಅದಕ್ಕೇ ಎಂಟು ಸ್ಪೀಕರಿನ ದಕ್ಷ ಪೆಟ್ಟಿಗೆ. ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ, ಪಿಯಾನೊ ದಿಗ್ಗಜ ಜೋಸೆಫ್ ಹಾಫ್ಮನ್ ಅವರ ಮಗ ಆಂಟನ್ ಹಾಫ್ಮನ್ ಹೆಸರಿನಲ್ಲಿ ಒಂದು ಕಟ್ಟುನಿಟ್ಟಿನ ಸೂತ್ರವಿದೆ. ಸಣ್ಣ ಪೆಟ್ಟಿಗೆ, ಆಳವಾದ ತಗ್ಗು, ಹೆಚ್ಚಿನ ದಕ್ಷತೆ: ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. 1969ರವರು ಸಣ್ಣ ಪೆಟ್ಟಿಗೆಯನ್ನು ಬಿಟ್ಟರು, ತಗ್ಗನ್ನೂ ಸ್ವಲ್ಪ ಬಿಟ್ಟರು. ಇಂದು ಲೆಕ್ಕ ಬದಲಾಗಿದೆ. 50 ಹರ್ಟ್ಸ್‌ನ ಮನೆ ಕರೆಂಟನ್ನು ನೇರ ಇಳಿಸುವ ಬದಲು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಇಳಿಸುವ ಸ್ವಿಚಿಂಗ್ ಪವರ್ ಸಪ್ಲೈ ಬಂದಮೇಲೆ ಟ್ರಾನ್ಸ್‌ಫಾರ್ಮರ್ ಮುಷ್ಟಿಗಾತ್ರಕ್ಕೆ ಇಳಿಯಿತು. ಕ್ಲಾಸ್ ಡಿ ಬಂದಮೇಲೆ ಶಾಖವಾಗಿ ಪೋಲಾಗುತ್ತಿದ್ದ ಶಕ್ತಿ ಉಳಿಯಿತು. 1980ರ ದಶಕದಲ್ಲಿ ಕಂಡುಹಿಡಿದ ನಿಯೋಡಿಮಿಯಂ ಅಯಸ್ಕಾಂತ ಸ್ಪೀಕರಿನ ಬೆನ್ನಿನ ಭಾರ ಇಳಿಸಿತು. ವ್ಯಾಟ್‌ಗೆ ಈಗ ತೂಕವೇ ಇಲ್ಲದಂತಾಗಿದೆ. ಆದ್ದರಿಂದ ಬಿಡಬೇಕಾದದ್ದು ದಕ್ಷತೆಯನ್ನು, ಬೆನ್ನುಮೂಳೆಯನ್ನಲ್ಲ.

ನಾಲ್ಕನೆಯ ಆಕ್ಷೇಪ: 15 ಇಂಚಿನ ಸ್ಪೀಕರ್ ಇಲ್ಲದೆ ಬೇಸ್ ಬರುವುದಿಲ್ಲ, 10 ಇಂಚಿನದು ಬರೀ ಚುರುಕಿಗೆ. ಈ ಮಾತನ್ನು ಆಡುವವರೇ ಒಂದು ನಿಮಿಷದ ಹಿಂದೆ ತಗ್ಗಿನ ಚಕ್ರವರ್ತಿ ಎಂದು ಹೊಗಳಿದ ಗೋಪುರದಲ್ಲಿ ಇರುವುದು ಬರೀ 10 ಇಂಚಿನವು. ಎರಡು ಮಾತೂ ಒಟ್ಟಿಗೆ ನಿಜವಾಗಲಾರವು. ಯಾವುದನ್ನು ಉಳಿಸಿಕೊಳ್ಳುತ್ತೀರಿ ಎಂದು ಕೇಳಿದರೆ ಉತ್ತರವಿಲ್ಲ. ಸ್ಪೀಕರ್ ಎಷ್ಟು ತಗ್ಗಿಗೆ ಇಳಿಯುತ್ತದೆ ಎಂಬುದು ಅದರ ಕೋನ್ ಎಷ್ಟು ದೂರ ಚಲಿಸಬಲ್ಲದು, ಅದರ ಅನುರಣನ ಎಲ್ಲಿದೆ, ಪೆಟ್ಟಿಗೆಯ ಗಾತ್ರ ಎಷ್ಟು, ಪೋರ್ಟನ್ನು ಎಲ್ಲಿಗೆ ಶ್ರುತಿ ಮಾಡಿದ್ದಾರೆ ಎಂಬುದನ್ನೆಲ್ಲ ಅವಲಂಬಿಸಿದೆ. ಎಂಜಿನಿಯರ್‌ಗಳಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟಿದ್ದಾರೆ. ಅಷ್ಟು ವರ್ಷದ ಮೇಲೂ ಸ್ಪೀಕರನ್ನು ಇಂಚುಪಟ್ಟಿ ಹಿಡಿದು ಆರಿಸುವವರಿಗೆ ಹೇಳುವುದಿಷ್ಟೇ: ಒಳ್ಳೆಯ ಪೆಟ್ಟಿಗೆಯ 12 ಇಂಚು ಕಳಪೆ ಪೆಟ್ಟಿಗೆಯ 15 ಇಂಚನ್ನು ಹೆಡೆಮುರಿ ಕಟ್ಟುತ್ತದೆ.

ಐದನೆಯ ಆಕ್ಷೇಪ: ಹಾಗಿದ್ದರೂ ಸಣ್ಣ ಕ್ಯಾಬಿನೆಟ್ಟಿನ ಸದ್ದು ಡ್ರಮ್ಸ್ ಎದುರು ನಿಲ್ಲುವುದಿಲ್ಲ. ಇದೂ ಅಂಕಿಗೆ ಸಿಗುವಂಥ ಆಕ್ಷೇಪ, ಹಾಗಾಗಿ ಅಂಕಿಯಲ್ಲೇ ಉತ್ತರ. ಆ ಗೋಪುರ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಕೊಡುತ್ತದೆ ಎಂಬುದು ಕಂಪನಿಯ ಲೆಕ್ಕ. ನಮ್ಮ ಹಗುರ ಕ್ಯಾಬಿನೆಟ್ 94 ಕೊಡುತ್ತದೆ ಎಂದು ಇಟ್ಟುಕೊಳ್ಳಿ. ಇದು ಉದಾರ ಅಂದಾಜಲ್ಲ. ಗೋಪುರಕ್ಕೆ 300 ವ್ಯಾಟ್ ಕೊಟ್ಟರೆ ಸುಮಾರು 125 ಡೆಸಿಬೆಲ್. ನಮ್ಮ 500 ವ್ಯಾಟಿನ ಹೆಡ್ 8 ಓಮಿನ ಒಂದೇ ಕ್ಯಾಬಿನೆಟ್ಟಿಗೆ ಸುಮಾರು 300 ವ್ಯಾಟ್ ಕೊಡುತ್ತದೆ: 119 ಡೆಸಿಬೆಲ್. ಅಂತರ 6. ಪಬ್ಬಿಗೆ 119 ಧಾರಾಳವಾಯಿತು. ಸಾಲದ ಜಾಗಕ್ಕೆ ಅಂಥದೇ ಇನ್ನೊಂದು 8 ಓಮಿನ ಕ್ಯಾಬಿನೆಟ್ ಜೋಡಿಸಿ. ಒಟ್ಟು 4 ಓಮ್ ಆಗಿ ಹೆಡ್ ಪೂರ್ತಿ 500 ವ್ಯಾಟ್ ಕೊಡುತ್ತದೆ, ಎರಡು ಕ್ಯಾಬಿನೆಟ್ ಜೊತೆಗೂಡಿದ್ದಕ್ಕೆ ತಗ್ಗಿನಲ್ಲಿ ಮತ್ತೆ 3 ಡೆಸಿಬೆಲ್ ಲಾಭ: ಒಟ್ಟು 124. ಕಾಗದದ ಮೇಲೆ ಉಳಿದ ಅಂತರ 1 ಡೆಸಿಬೆಲ್. ಆ ಒಂದು ಡೆಸಿಬೆಲ್‌ಗಾಗಿ ಭಾರವಾದಿಗಳು ಹೊರುವುದೆಷ್ಟು? ಎಸ್‌ವಿಟಿ-ಸಿಎಲ್ ಹೆಡ್ 36 ಕೆ.ಜಿ., ಗೋಪುರ 63 ಕೆ.ಜಿ.ಗೂ ಮೇಲೆ. ಹತ್ತಿರ ಹತ್ತಿರ ಒಂದು ಕ್ವಿಂಟಾಲ್! ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಇಳಿಸುವವರೂ ಅದನ್ನು ಎರಡು ಚೀಲ ಮಾಡಿಕೊಂಡು ಹೊರುತ್ತಾರೆ.

ಇದೇ ಲೆಕ್ಕ ವ್ಯಾಟ್ ಭಕ್ತರಿಗೂ ಅನ್ವಯಿಸುತ್ತದೆ. ವ್ಯಾಟ್ ಎರಡರಷ್ಟಾದರೆ ಸಿಗುವುದು 3 ಡೆಸಿಬೆಲ್; ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ಆದ್ದರಿಂದ 500 ಬಿಟ್ಟು 800ರ ಹೆಡ್ ಕೊಂಡವರಿಗೆ ದಕ್ಕುವುದು 2 ಡೆಸಿಬೆಲ್. ಅದೇ ದುಡ್ಡನ್ನು ಹೆಚ್ಚು ದಕ್ಷತೆಯ ಕ್ಯಾಬಿನೆಟ್ಟಿಗೆ ಹಾಕಿದ್ದರೆ ಇನ್ನೂ ಹೆಚ್ಚು ದಕ್ಕುತ್ತಿತ್ತು. ಹೆಡ್ಡಿನ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿ ಯಾವ ಓಮಿಗೆ, ಆರ್‌ಎಂಎಸ್ ಲೆಕ್ಕವೋ ಪೀಕ್ ಲೆಕ್ಕವೋ ಎಂದು ಓದದೆ ಕೊಳ್ಳುವವರ ಬಗ್ಗೆ ನಾನೇನೂ ಹೇಳುವುದಿಲ್ಲ. ಅವರ ಬಗ್ಗೆ ಹೇಳಬೇಕಾದ್ದನ್ನೆಲ್ಲ ಅಂಗಡಿಯ ಬಿಲ್ ಹೇಳುತ್ತದೆ.

ಆರನೆಯ ಆಕ್ಷೇಪ ಬೆಲೆಯದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಯನ್ನು ಮುಂದಿಟ್ಟು, ಒಂದೇ ಸಲ ದೊಡ್ಡದು ಕೊಂಡುಬಿಡಿ, ಮಾರುವಾಗಲೂ ಬೆಲೆ ಬರುತ್ತದೆ ಎನ್ನುತ್ತಾರೆ. ಗಾದೆ ಸರಿ, ಮುತ್ತನ್ನು ಗುರುತಿಸಿದ್ದು ತಪ್ಪು. ಕ್ವಿಂಟಾಲ್ ತೂಕದ ಸಲಕರಣೆ ಮನೆಯಿಂದ ಹೊರಟ ಪ್ರತಿ ಸಲವೂ ಲಗೇಜ್ ಆಟೊ ಬಾಡಿಗೆ, ಹೊರುವವರ ಕೂಲಿ. ದೇಶದೊಳಗಿನ ವಿಮಾನದ ಸಾಮಾನ್ಯ ಟಿಕೆಟ್ಟಿನಲ್ಲಿ 15 ಕೆ.ಜಿ. ಮೀರಿದ ಲಗೇಜಿಗೆಲ್ಲ ಪ್ರತ್ಯೇಕ ದಂಡ. ಎಸ್‌ವಿಟಿಯ ಆರು ಪವರ್ ವಾಲ್ವ್‌ಗಳು ಸವೆಯುವ ವಸ್ತು. ಸವೆದಾಗ ಹೊಂದುವ ಆರನ್ನೇ ಕೊಳ್ಳಬೇಕು. ಅವು ತಯಾರಾಗುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ. 2022ರ ಮಾರ್ಚ್‌ನಲ್ಲಿ ರಷ್ಯಾದ ರಫ್ತು ನಿಂತಾಗ ಜಗತ್ತಿನಾದ್ಯಂತ ವಾಲ್ವ್ ಅಂಗಡಿಗಳು ಬೆಚ್ಚಿಬಿದ್ದವು. ಈ ಖರ್ಚುಗಳನ್ನು ಕೊಂಡ ದಿನದ ಬೆಲೆಗೆ ಸೇರಿಸದೆ ಉಳಿತಾಯದ ಪಾಠ ಹೇಳುವುದು ಚೆನ್ನಾಗಿದೆ. ಮರುಮಾರಾಟದ ಮಾತೋ? ಭಾರದ ಹಳೆಯ ಕ್ಯಾಬಿನೆಟ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವುದೇ ಅವನ್ನು ಎತ್ತುವವರು ಇಲ್ಲವೆಂದು. ಒಂದು ವಿನಾಯಿತಿಯನ್ನು ನಾನೇ ಕೊಡುತ್ತೇನೆ: ತಾಲೀಮು ಕೋಣೆಯಲ್ಲೋ ಚರ್ಚಿನಲ್ಲೋ ಒಮ್ಮೆ ಇಟ್ಟರೆ ಕದಲಿಸದ ಕ್ಯಾಬಿನೆಟ್ ಬೇಕಿದ್ದರೆ ಆ ಅಗ್ಗದ ಭಾರವನ್ನೇ ಕೊಳ್ಳಿ. ನಿಯೋಡಿಮಿಯಂಗೆ ಹೆಚ್ಚು ದುಡ್ಡು ಕೊಡುವುದು ಎತ್ತಿ ಇಳಿಸುವವರು ಮಾಡಬೇಕಾದ ಕೆಲಸ.

ಏಳನೆಯ ಆಕ್ಷೇಪ: ಕ್ಲಾಸ್ ಡಿ ಕೆಟ್ಟರೆ ರಿಪೇರಿ ಆಗದು. ಇದರಲ್ಲಿ ಅರ್ಧ ಸತ್ಯವಿದೆ. ಹಳೆಯ ಟ್ರಾನ್ಸಿಸ್ಟರ್ ಆಂಪನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿ ಬೆಸುಗೆ ಹಾಕಿ ಬದುಕಿಸಬಹುದು. ಸಾಸಿವೆ ಗಾತ್ರದ ಭಾಗಗಳಿರುವ ಹೊಸ ಬೋರ್ಡನ್ನು ಬಹುತೇಕ ಇಡಿಯಾಗಿ ಬದಲಿಸಬೇಕು. ಇನ್ನುಳಿದ ಅರ್ಧ ಇಲ್ಲಿದೆ. ಜಾತ್ರೆಯ ವೇದಿಕೆಯಲ್ಲಿ, ಜನರೇಟರ್ ಕರೆಂಟಿನ ಏರಿಳಿತದ ನಡುವೆ, ಹಾಡಿನ ಮಧ್ಯೆ ಆಂಪ್ ಕೈಕೊಟ್ಟಾಗ ಎಸ್.ಪಿ. ರಸ್ತೆ ಯಾರಿಗೂ ನೆರವಾಗುವುದಿಲ್ಲ. ನೆರವಾಗುವುದು ಬ್ಯಾಗಿನಲ್ಲಿರುವ ಇನ್ನೊಂದು ಹೆಡ್. ಗ್ಯಾಲಿಯನ್-ಕ್ರೂಗರ್ ಎಂಬಿ200ರಂಥ 200 ವ್ಯಾಟಿನ ಹೆಡ್ ಸುಮಾರು ಒಂದು ಕೆ.ಜಿ. ತೂಗುತ್ತದೆ, ಗಿಟಾರ್ ಬ್ಯಾಗಿನ ಜೇಬಿನಲ್ಲಿ ಕೂರುತ್ತದೆ. ಭಾರವಾದಿಗಳು ತಮ್ಮ ಹೆಚ್ಚುವರಿ 36 ಕೆ.ಜಿ.ಯನ್ನು ಯಾವ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ? ಅಂದಹಾಗೆ ವಾಲ್ವ್ ಆಂಪನ್ನು ಸ್ಪೀಕರ್ ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು ಎಂಬ ಎಚ್ಚರಿಕೆ ಅವರ ಬಾಳಿಕೆಯ ಭಾಷಣದಲ್ಲಿ ಎಂದೂ ಕೇಳಿಬರುವುದಿಲ್ಲ.

ಈಗ ಶೂನ್ಯವಾದಿಗಳು. ಗಿಟಾರಿನ ಸಿಗ್ನಲನ್ನು ಹೊಂದಿಸುವ ಡಿಐ ಬಾಕ್ಸ್‌ನಿಂದ ನೇರ ಮಿಕ್ಸರಿಗೆ ಕೊಡಿ, ಆಂಪ್‌ಗೆ ಯಾಕೆ ದುಡ್ಡು ಎನ್ನುತ್ತಾರೆ. ಅವರ ಸಾಕ್ಷಿ ಕೆನಡಾದ ರಶ್ ರಾಕ್ ತಂಡದ ಬೇಸ್ ವಾದಕ ಗೆಡ್ಡಿ ಲೀ. ಅವರು 2000ದ ದಶಕದ ಪ್ರವಾಸಗಳಲ್ಲಿ ಬೇಸನ್ನು ನೇರ ಪಿಎಗೆ ಕೊಟ್ಟು, ಆಂಪ್ ಇರಬೇಕಾದ ಖಾಲಿ ಜಾಗದಲ್ಲಿ ತಮಾಷೆಗೆ ಬಟ್ಟೆ ಒಣಗಿಸುವ ಯಂತ್ರಗಳನ್ನು ನಿಲ್ಲಿಸಿದ್ದರು. ಸೊಗಸಾದ ಕಥೆ. ಅವರ ಕಿವಿಯಲ್ಲಿ ಇನ್-ಇಯರ್ ಮಾನಿಟರ್ ಇತ್ತು, ಅದಕ್ಕೆ ಬೇಕಾದ ಮಿಶ್ರಣ ಮಾಡಿಕೊಡುವ ತಂತ್ರಜ್ಞರು ಪ್ರತಿ ಊರಿಗೂ ಜೊತೆಗೆ ಬರುತ್ತಿದ್ದರು ಎಂಬ ಭಾಗವನ್ನು ಮಾತ್ರ ಬಿಟ್ಟು ಹೇಳುತ್ತಾರೆ. ನಮ್ಮ ಊರ ವೇದಿಕೆಯಲ್ಲಿ ಸೌಂಡಿನವರು ಇಟ್ಟ ಎರಡು ಮಾನಿಟರ್ ಹಾಡುಗಾರರ ಮುಂದಿರುತ್ತವೆ. ಅದರಲ್ಲಿ ಬೇಸ್ ಸೇರಿಸಿ ಎಂದರೆ ಹಾಡುಗಾರರಿಗೆ ಕೋಪ. ತನ್ನ ಸ್ವರ ತನಗೇ ಕೇಳದ ಬೇಸ್ ವಾದಕ ತಾಳಕ್ಕಿಂತ ಮುಂದೆ ಓಡುತ್ತಾನೆ, ಇಲ್ಲವೇ ತಂತಿಯನ್ನು ಬಡಿಯತೊಡಗುತ್ತಾನೆ. ಮೈಸೂರಿನ ಯುವ ದಸರಾದಂಥ ದೊಡ್ಡ ವೇದಿಕೆಯಲ್ಲಿ ಜನರಿಗೆ ಬೇಸ್ ಮುಟ್ಟಿಸುವುದು ಪಿಎ ಕೆಲಸ, ಸರಿ. ವಾದಕನಿಗೆ ಮುಟ್ಟಿಸುವುದು ಅವನ ಆಂಪ್. ಹಗುರ ಹೆಡ್‌ಗಳಲ್ಲಿ ಬಹುಪಾಲು ಡಿಐ ಔಟ್‌ಪುಟ್ ಕೂಡ ಇರುವುದರಿಂದ ಶೂನ್ಯವಾದಿಗಳು ಕೇಳುವ ಸೌಲಭ್ಯ ಅದರಲ್ಲೇ ಸೇರಿದೆ.

ಎರಡು ಪಂಗಡಗಳ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಂಪ್ ಇಲ್ಲದೆ ಟೋನೇ ಇಲ್ಲ ಎಂಬವರ ಆರಾಧ್ಯದೈವ ಆಂಪ್ ಇಲ್ಲದೆ ಧ್ವನಿಮುದ್ರಿಸಿದವರು. ಆಂಪೇ ಬೇಡ ಎಂಬವರ ಮಾದರಿ, ಕಿವಿಗೆ ಬೇರೆಯದೇ ವ್ಯವಸ್ಥೆ ಮಾಡಿಕೊಂಡಿದ್ದವರು. ಇಬ್ಬರೂ ಯಾವ ವಾದಕ, ಯಾವ ಜಾಗ, ಯಾವ ವಾಹನ ಎಂಬ ಪ್ರಶ್ನೆಯನ್ನು ಕೇಳದೆ ಉತ್ತರ ಕೊಡುತ್ತಿದ್ದಾರೆ.

ಕೊಳ್ಳಲು ಹೊರಟವರಿಗೆ ನನ್ನ ಕೊನೆಯ ಮಾತು. ಅಂಗಡಿಗೆ ನಿಮ್ಮದೇ ಗಿಟಾರ್ ಒಯ್ಯಿರಿ. ಎರಡು ಆಂಪ್ ಹೋಲಿಸುವಾಗ ಫೋನಿನ ಡೆಸಿಬೆಲ್ ಮೀಟರ್ ಹಿಡಿದು ಸದ್ದನ್ನು ಸಮ ಮಾಡಿಸಿ, ಬೆನ್ನು ತಿರುಗಿಸಿ ಕೇಳಿ. ಹೆಡ್‌ನ ವೋಲ್ಟೇಜ್ 230ಕ್ಕೆ ಹೊಂದುತ್ತದೆಯೇ ನೋಡಿ. ಅಮೆರಿಕದಿಂದ ನೆಂಟರು ತಂದುಕೊಟ್ಟ 120 ವೋಲ್ಟಿನದನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಮೊದಲು 8 ಓಮಿನ ಒಂದು ಕ್ಯಾಬಿನೆಟ್ ಕೊಳ್ಳಿ, ಮುಂದೆ ಅದೇ ಮಾದರಿಯ ಇನ್ನೊಂದನ್ನು ಸೇರಿಸಲು ಜಾಗ ಇರಲಿ. ದುಡ್ಡು ಕೊಡುವ ಮುನ್ನ ಆ ಕ್ಯಾಬಿನೆಟ್ಟನ್ನು ಅಂಗಡಿಯ ಹುಡುಗನ ಕೈಯಲ್ಲಿ ಎತ್ತಿಸದೆ ನೀವೇ ಎತ್ತಿ, ಮೆಟ್ಟಿಲು ಹತ್ತಿ ಇಳಿಯಿರಿ. ಮೊದಲು ಜಾಗ, ಆಮೇಲೆ ಕ್ಯಾಬಿನೆಟ್, ಆಮೇಲೆ ಹೆಡ್, ಎಲ್ಲಕ್ಕಿಂತ ಕೊನೆಗೆ ಬ್ರ್ಯಾಂಡ್: ಈ ಸರದಿಯಲ್ಲಿ ಕೊಂಡವರು ಎರಡನೆಯ ಸಲ ಅಂಗಡಿಗೆ ಬರುವುದು ತಂತಿ ಕೊಳ್ಳಲು ಮಾತ್ರ.